ಒಣ ಹುಲ್ಲು ಮಣ್ಣಾಗುವ ಬಗೆ



ಚಿತ್ರದುರ್ಗ, ತುಮಕೂರು, ಹಾಸನ ಜಿಲ್ಲೆಗಳಲ್ಲಿ ಅಮೃತಮಹಲ್ ಕಾವಲುಗಳಿವೆ. ಹಿಂದೆ ಮೈಸೂರಿನ ಅರಸರು ದನಗಳ ಮೇವಿಗೆಂದು ಕಾದಿರಿಸಿದ್ದ ಹುಲ್ಲುಗಾವಲುಗಳು ಇವು. ಮಾರ್ಚ್ ತಿಂಗಳಲ್ಲಿ ಅಲ್ಲಿಗೆ ಹೋದರೆ ಕಾಣುವುದು ಒಣಗಿದ ಕರಡ ಮಾತ್ರ. ನೋಡಿದವರು ಅದನ್ನು ಕಸವೆಂದೇ ಭಾವಿಸುತ್ತಾರೆ. ಆದರೆ ಮುಂದಿನ ಮಳೆಗಾಲದ ಹಸಿರಿಗೆ ಬೇಕಾದ ಆಹಾರದ ಒಂದು ಪಾಲು ಆ ಕರಡದಲ್ಲೇ ಅಡಗಿದೆ. ಅದು ಮಣ್ಣಿಗೆ ಸೇರುವುದು ಹೇಗೆ?

ಹುಲ್ಲಿನ ಎಸಳಿನಲ್ಲಿ ಬೇಗ ಕರಗುವ ಸಕ್ಕರೆ, ನಿಧಾನವಾಗಿ ಒಡೆಯುವ ಸೆಲ್ಯುಲೋಸ್, ಇನ್ನೂ ಗಡುಸಾದ ಲಿಗ್ನಿನ್ ಇವೆ. ಇವನ್ನು ಒಡೆಯುವ ಮುಖ್ಯ ಕೆಲಸಗಾರರು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು. ಅವುಗಳಿಗೆ ಬೆಚ್ಚನೆಯ ಹವೆಯ ಜೊತೆಗೆ ತೇವವೂ ಬೇಕು.

ಬೇಸಿಗೆಯಲ್ಲಿ ತೇವವಿಲ್ಲ. ಹಾಗೆಂದು ಕೆಲಸ ಪೂರ್ತಿ ನಿಲ್ಲುವುದಿಲ್ಲ. ಬಿಸಿಲೇ ಒಣ ಹುಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಒಡೆಯುತ್ತದೆ. ಅರ್ಜೆಂಟೀನಾದ ಪಟಗೋನಿಯದ ಒಣ ಬಯಲಿನಲ್ಲಿ ಏಮಿ ಆಸ್ಟಿನ್ ಮತ್ತು ಲೂಸಿಯಾ ವಿವಾಂಕೊ ಎಂಬ ವಿಜ್ಞಾನಿಗಳು ಇದನ್ನು ಪ್ರಯೋಗದಿಂದ ತೋರಿಸಿ, 2006ರಲ್ಲಿ ಪ್ರಕಟಿಸಿದರು. ಇನ್ನೊಂದು ಕಡೆ ಗೆದ್ದಲುಗಳು ಹುಲ್ಲಿನ ಮೇಲೆ ಮಣ್ಣಿನ ಹೊದಿಕೆ ಕಟ್ಟಿ, ಅದರ ಮರೆಯಲ್ಲಿ ತುಂಡುಗಳನ್ನು ಕತ್ತರಿಸಿ ಸಾಗಿಸುತ್ತವೆ. ಹುತ್ತದೊಳಗೆ ತೇವವಿರುತ್ತದೆ. ಕೆಲವು ಜಾತಿಯ ಗೆದ್ದಲುಗಳು ಅಲ್ಲಿ ಶಿಲೀಂಧ್ರವನ್ನೇ ಬೆಳೆಸುತ್ತವೆ!

ಭರಣಿ ಮಳೆಯ ಮೊದಲ ಹನಿಗಳು ಬಿದ್ದೊಡನೆ ನಿದ್ರಿಸುತ್ತಿದ್ದ ಸೂಕ್ಷ್ಮಜೀವಿಗಳು ಎಚ್ಚರಗೊಳ್ಳುತ್ತವೆ. ಕೆಲವೇ ಗಂಟೆಗಳಲ್ಲಿ ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಬರುತ್ತದೆ. ಪೂರ್ವ ಆಫ್ರಿಕದ ಮಣ್ಣುಗಳಲ್ಲಿ ಇದನ್ನು ಅಧ್ಯಯನ ಮಾಡಿ 1958ರಲ್ಲಿ ವಿವರಿಸಿದ ಬರ್ಚ್ ಅವರ ಹೆಸರಿನಿಂದಲೇ ಇದನ್ನು ‘ಬರ್ಚ್ ಪರಿಣಾಮ’ ಎನ್ನುತ್ತಾರೆ.

ಮುಂಗಾರಿನಲ್ಲಿ ಕೊಳೆಯುವಿಕೆ ಭರದಿಂದ ಸಾಗುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಒಣ ಹುಲ್ಲಿನಲ್ಲಿ ಇಂಗಾಲ ಹೇರಳ, ಸಾರಜನಕ ಕಡಿಮೆ. ಆದ್ದರಿಂದ ಸೂಕ್ಷ್ಮಜೀವಿಗಳು ಮೊದಮೊದಲು ಮಣ್ಣಿನಿಂದಲೇ ಸಾರಜನಕವನ್ನು ಸಾಲ ಪಡೆಯುತ್ತವೆ. ಇಂಗಾಲ ಕರಗಿದ ಮೇಲೆ, ಅವು ಸಾಯುತ್ತಾ ಬಂದಂತೆ, ಸಾಲ ತೀರುತ್ತದೆ. ಆಗ ಬೇರುಗಳಿಗೆ ಸಾರಜನಕ ಸಿಗುತ್ತದೆ. ಹಿಂಗಾರು ಮುಗಿದು ನೆಲ ಒಣಗಿದಾಗ ವೇಗ ಮತ್ತೆ ತಗ್ಗುತ್ತದೆ. ಅಷ್ಟರಲ್ಲಿ ಹೊಸ ಕರಡ ಸಿದ್ಧ.

ಈ ಕರಡಕ್ಕೆ ಬೆಂಕಿ ಬಿದ್ದರೆ ಏನಾಗುತ್ತದೆ? ಅದರಲ್ಲಿದ್ದ ಸಾರಜನಕದ ಬಹುಪಾಲು ಗಾಳಿಗೆ ಹೋಗುತ್ತದೆ. ಉಳಿದ ಬೂದಿಯನ್ನು ಗಾಳಿ, ಮಳೆ ಕೊಚ್ಚಿಕೊಂಡು ಹೋಗಬಹುದು. ಸುಟ್ಟ ಹುಲ್ಲು ಮತ್ತೆ ಚಿಗುರುತ್ತದೆ, ನಿಜ. ಆದರೆ ವರ್ಷ ವರ್ಷವೂ ಸುಟ್ಟರೆ ಮಣ್ಣಿಗೆ ಸೇರಬೇಕಾದ ಸಾವಯವ ಪದಾರ್ಥಕ್ಕೆ ಕೊರತೆ ಬೀಳುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ನೈಲಾನ್ ಬಲೆಯ ಕೆಲವು ಚೀಲಗಳನ್ನು ಹೊಲಿಯಿರಿ: ಅರ್ಧದಷ್ಟು ಗೆದ್ದಲು ನುಗ್ಗಲಾಗದ ಸಣ್ಣ ಕಣ್ಣಿನವು, ಉಳಿದವು ದೊಡ್ಡ ಕಣ್ಣಿನವು. ಪ್ರತಿಯೊಂದರಲ್ಲೂ 10 ಗ್ರಾಂ ಒಣ ಹುಲ್ಲು ತುಂಬಿ ನೆಲದ ಮೇಲಿಡಿ. ತಿಂಗಳಿಗೊಮ್ಮೆ ಎರಡೂ ಬಗೆಯ ಒಂದೊಂದನ್ನು ತೆಗೆದು, ಮಣ್ಣು ಕೊಡವಿ, ಒಣಗಿಸಿ, ತೂಗಿ. ಜೊತೆಗೆ ಮಳೆಯ ದಿನಗಳನ್ನೂ ಬರೆದಿಡಿ. ಒಂದು ವರ್ಷದ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಕಾವಲನ್ನು ನೋಡಿ. ‘ಪಾಳು ನೆಲ’ ಎಂಬ ಮಾತು ಅದಕ್ಕೆ ಒಪ್ಪುವುದೇ ಎಂದು ನೀವೇ ನಿರ್ಧರಿಸಿ.