ಹಸಿರೆಲ್ಲ ಅನ್ನವಲ್ಲ

(ವಿಜ್ಞಾನ ಕಾರ್ಯಕ್ರಮವೊಂದರಲ್ಲಿ ಮಾಡಿದ ಭಾಷಣ)



ಭಾಷೆ ಕಲಿಸುವ ನಾನು ಇಂದು ವಿಜ್ಞಾನದ ವಿಷಯ ಎತ್ತಿಕೊಂಡಿದ್ದೇನೆ. ತಪ್ಪಿದ್ದರೆ ವಿಜ್ಞಾನ ಶಿಕ್ಷಕರು ತಿದ್ದಬೇಕೆಂದು ವಿನಂತಿ.

ಕೆರೆಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿಯಿರಿ. ಎಷ್ಟೋ ಸಲ ಸಾಸಿವೆ ಕಾಳಿನಷ್ಟು ಪುಟ್ಟ ಜೀವಿಗಳು ಅದರಲ್ಲಿ ಕುಪ್ಪಳಿಸುವುದು ಕಾಣುತ್ತದೆ. ಇವೇ ಪ್ರಾಣಿಪ್ಲವಕಗಳು. ಇವುಗಳಲ್ಲಿ ಡ್ಯಾಫ್ನಿಯಾ ಎಂಬುದು ಮುಖ್ಯವಾದುದು. ನೀರಿನಲ್ಲಿರುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುವುದೇ ಅದರ ಜೀವನ. ಅದನ್ನು ತಿಂದು ಮೀನಿನ ಮರಿಗಳು ಬೆಳೆಯುತ್ತವೆ.

ಒಳ್ಳೆಯ ಆಹಾರ ಸಿಕ್ಕರೆ ಡ್ಯಾಫ್ನಿಯಾ ಸುಮಾರು ಹತ್ತು ದಿನಗಳಲ್ಲೇ ತಾಯಿಯಾಗುತ್ತದೆ. ಆಹಾರ ಕಡಿಮೆಯಾದರೆ ಬೆಳವಣಿಗೆ ಕುಂಠಿತವಾಗುತ್ತದೆ, ಮೊಟ್ಟೆಗಳೂ ಕಡಿಮೆಯಾಗುತ್ತವೆ. ಆದರೆ ಒಂದು ಸೋಜಿಗ ನೋಡಿ. ಹಸಿದ ತಾಯಿ ಇಡುವ ಮೊಟ್ಟೆಗಳು ಕೆಲವೇ ಆದರೂ ಗಾತ್ರದಲ್ಲಿ ದೊಡ್ಡವು. ಅವುಗಳಿಂದ ಹುಟ್ಟಿದ ಮರಿಗಳು ಹಸಿವನ್ನು ಹೆಚ್ಚು ದಿನ ತಾಳಬಲ್ಲವು. ತನ್ನ ಬಡತನದಲ್ಲೂ ತಾಯಿ ಮರಿಗೆ ಬುತ್ತಿ ಕಟ್ಟಿ ಕಳಿಸುತ್ತಾಳೆ!

ಹಾಗಾದರೆ ನೀರು ಹಸಿರಾದಷ್ಟೂ ಡ್ಯಾಫ್ನಿಯಾಕ್ಕೆ ಹಬ್ಬವೇ? ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವಲ್ಲ, ಹಾಗೆಯೇ ಇದು. ಜರ್ಮನಿ, ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ನಡುವೆ ಕಾನ್‌ಸ್ಟೆನ್ಸ್ ಎಂಬ ದೊಡ್ಡ ಸರೋವರವಿದೆ. ಚರಂಡಿ ಮತ್ತು ಹೊಲಗಳಿಂದ ಅದಕ್ಕೆ ಬಂದು ಸೇರಿದ ರಂಜಕ 1980ರ ಸುಮಾರಿಗೆ ಮಿತಿಮೀರಿತು. ನೀಲಿಹಸಿರು ಪಾಚಿ ಹೆಚ್ಚಿತು. ಇದರಲ್ಲಿ ಕೆಲವು ವಿಷಕಾರಿ. ಗಂಟುಗಂಟಾಗಿ ಸೋಸಲು ಬಾರದು. ಬೆಳವಣಿಗೆಗೆ ಬೇಕಾದ ಕೊಬ್ಬಿನಂಶವೂ ಇದರಲ್ಲಿ ಕಡಿಮೆ. ತಟ್ಟೆ ತುಂಬಿದ್ದರೂ ಹೊಟ್ಟೆ ತುಂಬದ ಸ್ಥಿತಿ.

ಡ್ಯಾಫ್ನಿಯಾದ ಕೆಲವು ಮೊಟ್ಟೆಗಳು ಕೆಸರಿನಲ್ಲಿ ದಶಕಗಳ ಕಾಲ ನಿದ್ರಿಸಬಲ್ಲವು. ಹೇರ್‌ಸ್ಟನ್ ಮತ್ತು ಸಂಗಡಿಗರು ಆ ಸರೋವರದ ಕೆಸರಿನಿಂದ ಬೇರೆಬೇರೆ ಕಾಲದ ಮೊಟ್ಟೆಗಳನ್ನು ತೆಗೆದು ಮರಿ ಮಾಡಿಸಿದರು. ಕೆಲವಕ್ಕೆ ಒಳ್ಳೆಯ ಹಸಿರು ಪಾಚಿಯನ್ನು, ಕೆಲವಕ್ಕೆ ವಿಷದ ಪಾಚಿ ಬೆರೆಸಿದ ಆಹಾರವನ್ನು ಕೊಟ್ಟರು. ಫಲಿತಾಂಶ 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಷದ ಪಾಚಿ ಬೆರೆತಾಗ 1960ರ ದಶಕದ ತಳಿಗಳ ಬೆಳವಣಿಗೆ ಬಹಳ ಕುಗ್ಗಿತು. ನೀರು ಕೆಟ್ಟ ನಂತರದ ತಳಿಗಳಲ್ಲಿ ಅಷ್ಟು ಕುಗ್ಗಲಿಲ್ಲ.

ಅಂದರೆ, ತಾಳಿಕೊಂಡವು ಉಳಿದವು, ತಾಳದವು ಅಳಿದವು. ಉಳಿದವಕ್ಕೂ ಆ ಊಟ ಒಗ್ಗಿತೆಂದಲ್ಲ. ಒಳ್ಳೆಯ ಆಹಾರದಲ್ಲಿ ಬೆಳೆದಷ್ಟು ಅವು ಅದರಲ್ಲಿ ಬೆಳೆಯಲಿಲ್ಲ. ಮುಂದೆ ಕೊಳಚೆ ನೀರನ್ನು ಶುದ್ಧೀಕರಿಸಿ ಬಿಡತೊಡಗಿದ ಮೇಲೆ ಸರೋವರದ ರಂಜಕ ಇಳಿಯಿತು.

ಮಕ್ಕಳೇ, ನಮ್ಮೂರ ಕೆರೆ ಹಚ್ಚಗಾದರೆ ಸಮೃದ್ಧಿ ಎಂದು ಹಿಗ್ಗಬೇಡಿ. ಅದರಲ್ಲಿರುವ ಪುಟ್ಟ ಜೀವಿಗೆ ಉಣ್ಣಲು ತಕ್ಕದ್ದು ಇದೆಯೇ ಎಂದು ಕೇಳಿ. ಚರಂಡಿಯ ನೀರು ಎಲ್ಲಿಗೆ ಹೋಗುತ್ತಿದೆ ಎಂದೂ ನೋಡಿ.

ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.