ಎಚ್‌ಪಿಯಿಂದ ಯೂನಿಟ್‌ವರೆಗೆ: ವ್ಯಾಪಾರಿಗೆ ಬೇಕಾದ ಲೆಕ್ಕ



ಕಲಬುರಗಿಯೆಂದರೆ ತೊಗರಿ, ಕಮಲಾಪುರವೆಂದರೆ ಕೆಂಪು ಬಾಳೆ. ಇಲ್ಲಿಯ ಬೇಳೆ ಗಿರಣಿಗೂ ಅಲ್ಲಿಯ ತೋಟದ ನೀರಿಗೂ ಮೋಟಾರು ಬೇಕು. ಮೋಟಾರಿನ ಮೇಲೆ ಎಚ್‌ಪಿ, ಜನರೇಟರಿನ ಮೇಲೆ ಕೆವಿಎ, ಜೆಸ್ಕಾಂ ಬಿಲ್ಲಿನಲ್ಲಿ ಯೂನಿಟ್. ಇವನ್ನು ಜೋಡಿಸಿ ಲೆಕ್ಕ ಹಾಕಲು ಬಾರದವರು ಮಾರುವವನ ಮಾತನ್ನೇ ನಂಬಬೇಕಾಗುತ್ತದೆ.

ಒಂದು ಎಚ್‌ಪಿ ಎಂದರೆ 746 ವ್ಯಾಟ್. 10 ಎಚ್‌ಪಿ ಮೋಟಾರು ಕೊಡುವುದು 7.46 ಕಿಲೋವ್ಯಾಟ್, ದಕ್ಷತೆ ಶೇ. 90 ಇದ್ದರೆ ಎಳೆಯುವುದು ಸುಮಾರು 8.3. ಪೂರ್ಣ ಹೊರೆಯಲ್ಲಿ 8 ಗಂಟೆ ಓಡಿದರೆ 66 ಯೂನಿಟ್. ಕಿಲೋವ್ಯಾಟ್ ಬಂಡಿಯ ವೇಗವಿದ್ದಂತೆ, ಯೂನಿಟ್ ಸಾಗಿದ ದೂರವಿದ್ದಂತೆ. ಮಂಜೂರಾದ ಹೊರೆಗೆ ನಿಗದಿತ ಶುಲ್ಕ, ಬಳಸಿದ ಯೂನಿಟ್‌ಗೆ ಬೇರೆ ಶುಲ್ಕ. ಗಿರಣಿ ನಿಂತ ತಿಂಗಳೂ ಬಿಲ್ಲು ಬರುವುದು ಇದಕ್ಕೇ.

10 ಕೆವಿಎ ಜನರೇಟರು 0.8 ಪವರ್ ಫ್ಯಾಕ್ಟರಿನಲ್ಲಿ ಕೊಡುವುದು 8 ಕಿಲೋವ್ಯಾಟ್ ಮಾತ್ರ. ಹತ್ತಕ್ಕೆ ಹತ್ತು ಸರಿಹೋಯಿತೆಂದು ಕೊಂಡರೆ ಆ ಒಂದು ಮೋಟಾರಿಗೇ ಸಾಲದು. ಚಾಲೂ ಆಗುವಾಗ ಅದು ಎಳೆಯುವ ಕರೆಂಟಂತೂ ಇನ್ನೂ ಹಲವು ಪಟ್ಟು.

ತಕ್ಕಡಿ ನೋಡದೆ ತೊಗರಿ ಕೊಳ್ಳದ ನಾವು ವಿದ್ಯುತ್ತನ್ನು ಅಳತೆ ತಿಳಿಯದೆ ಕೊಳ್ಳುವುದೇಕೆ? ಶಾಲೆಯಲ್ಲಿ ಈ ಪಾಠ ಓದಿದ ಮಕ್ಕಳು ಮನೆಯ ಬಿಲ್ಲನ್ನೂ ಒಮ್ಮೆ ಬಿಡಿಸಿ ಹಿರಿಯರಿಗೆ ಓದಿ ಹೇಳಲಿ.