ಮಾತಿಗೆ ಬಲ ಕೊಡುವ ಮಾತು



ವಿಶ್ವನಾಥ ಗಲ್ಲಿಯಲ್ಲಿ ಬಳೆಯನ್ನೋ ಮರದ ಆಟಿಕೆಯನ್ನೋ ಕೊಳ್ಳುವಾಗ ಕಾಶಿಯ ಕನ್ನಡಿಗರಾದ ನಾವು ಮೂರು ಭಾಷೆಗಳಲ್ಲಿ ವ್ಯವಹರಿಸುತ್ತೇವೆ. ಮನೆಯವರೊಡನೆ ‘ತುಂಬ ದುಬಾರಿ’, ಅಂಗಡಿಯವನೊಡನೆ ‘ಬಹುತ್ ಮಹಂಗಾ’, ಪಕ್ಕದ ವಿದೇಶೀ ಯಾತ್ರಿಕನೊಡನೆ ‘ಟೂ ಕಾಸ್ಟ್ಲಿ’. ಇಲ್ಲಿಯವರೆಗೆ ತೊಂದರೆಯಿಲ್ಲ. ಆದರೆ ಅದೇ ಬಳೆಯನ್ನು ಮೆಚ್ಚಿ ‘ಟೂ ಬ್ಯೂಟಿಫುಲ್’ ಎಂದೆವೋ, ಆತ ಹುಬ್ಬೇರಿಸಿಯಾನು. ‘ಟೂ’ ಎಂದರೆ ಮಿತಿಮೀರಿದ್ದು. ‘ವೆರಿ’ ಎಂದರೆ ಬರಿಯ ಹೆಚ್ಚಳ. ನಮ್ಮ ‘ತುಂಬ’ವೂ ಹಿಂದಿಯ ‘ಬಹುತ್’ ಕೂಡ ಎರಡು ಕೆಲಸವನ್ನೂ ಮಾಡುವುದರಿಂದಲೇ ಈ ಗೊಂದಲ.

ಗುಣವಾಚಕದ ಮುಂದೆ ನಿಲ್ಲುವ ಈ ಮಾತುಗಳ ಹುಟ್ಟು ಸ್ವಾರಸ್ಯವಾಗಿದೆ. ‘ವೆರಿ’ ಬಂದದ್ದು ‘ನಿಜ’ವೆಂಬ ಅರ್ಥದ ಹಳೆಯ ಫ್ರೆಂಚ್ ಶಬ್ದದಿಂದ. ‘ಟೆರಿಬ್ಲಿ’, ‘ಆಫುಲಿ’ ಭಯದಿಂದ ಹುಟ್ಟಿದವು. ‘ಭಯಂಕರ ಚೆನ್ನಾಗಿದೆ’ ಎನ್ನುವ ನಮ್ಮ ಹುಡುಗರೂ ಇದರಲ್ಲಿ ಆಂಗ್ಲರಿಗೇನೂ ಕಡಮೆಯಿಲ್ಲ!

ಎಲ್ಲಕ್ಕಿಂತ ಮೋಸದ ಮಾತು ‘ಕ್ವೈಟ್’. ‘ಕ್ವೈಟ್ ಇಂಪಾಸಿಬಲ್’ ಎಂದರೆ ಪೂರ್ತಿ ಅಸಾಧ್ಯ. ಆದರೆ ‘ಕ್ವೈಟ್ ಗುಡ್’ ಎಂಬುದು ಅಮೆರಿಕದವರ ಬಾಯಲ್ಲಿ ಹೊಗಳಿಕೆ, ಇಂಗ್ಲೆಂಡಿನವರ ಬಾಯಲ್ಲಿ ಅನೇಕ ವೇಳೆ ‘ಪರವಾಗಿಲ್ಲ’ ಎಂಬಷ್ಟೇ. ಮೇಲಧಿಕಾರಿಯ ಗುಪ್ತ ವರದಿಯಲ್ಲಿ ಈ ಮಾತು ಬಿದ್ದರೆ ಬಡ ಗುಮಾಸ್ತನ ಬಡ್ತಿಯ ಗತಿಯೇನು?

ನಮ್ಮ ಕಸುಬಿನದೇ ಇನ್ನೊಂದು ಉದಾಹರಣೆ. ಗಿರಾಕಿಯ ಯೋಗ್ಯತೆಯನ್ನು ಇನ್ನೊಂದು ಬ್ಯಾಂಕಿಗೆ ತಿಳಿಸುವಾಗ ಇಂಗ್ಲೆಂಡಿನ ಬ್ಯಾಂಕುಗಳು ಬಳಸುತ್ತಿದ್ದ ಅತ್ಯುಚ್ಚ ಪ್ರಶಂಸೆ ‘ಅನ್‌ಡೌಟೆಡ್’, ಅಂದರೆ ಸಂದೇಹಾತೀತ. ಅದಕ್ಕೊಂದು ‘ವೆರಿ’ ಸೇರಿಸಿದ್ದರೆ ಸಂದೇಹವೇ ಹುಟ್ಟುತ್ತಿತ್ತೋ ಏನೋ!

ಕನ್ನಡಕ್ಕೆ ಬೇರೊಂದು ದಾರಿಯೂ ಉಂಟು. ‘ಕಡುಗೆಂಪು’ ಎಂಬಲ್ಲಿ ಬಲ ಕೊಡುವ ಮಾತು ಬಣ್ಣದೊಡನೆ ಸಂಧಿಯಾಗಿ ಒಂದೇ ಶಬ್ದವಾಗುತ್ತದೆ. ‘ನಟ್ಟನಡುವೆ’, ‘ಕಟ್ಟಕಡೆ’, ‘ತುತ್ತತುದಿ’, ‘ಮೊತ್ತಮೊದಲು’ ಇವುಗಳಲ್ಲಿ ಹೊರಗಿನ ಮಾತೇ ಬೇಡ. ಶಬ್ದ ತನ್ನ ಮೊದಲಕ್ಷರವನ್ನೇ ಒತ್ತಿ ಮುಂದಿಟ್ಟು ಬಲ ಪಡೆಯುತ್ತದೆ. ‘ವೆರಿ ಮಿಡ್ಲ್’ ಎಂದು ಇದನ್ನು ಅನುವಾದಿಸಿದರೆ ಜೀವ ಹೋಗುತ್ತದೆ.

ನಮಗೆ ಚಿಂತೆಯಾಗುವುದು ಇಲ್ಲಿಯೇ. ಕಾಶಿಯಲ್ಲಿ ಬೆಳೆಯುವ ನಮ್ಮ ಮಕ್ಕಳು ಇಂಗ್ಲಿಷಿನ ‘ವೆರಿ’ಯನ್ನು ಶಾಲೆಯಲ್ಲಿ ಕಲಿತಾರು, ಹಿಂದಿಯ ‘ಗರಮಾಗರಮ್’ ಅನ್ನು ಕಚೋರಿ ಅಂಗಡಿಯಲ್ಲಿ ಕಲಿತಾರು. ‘ನಟ್ಟನಡುವೆ’ಯನ್ನು ಎಲ್ಲಿ ಕಲಿಯಬೇಕು? ಗೋದೌಲಿಯಾ ಚೌಕದಲ್ಲಿ ಹಸು ‘ಏಕ್‌ದಂ ಮಧ್ಯದಲ್ಲಿ’ ನಿಂತಿದೆ ಎಂದು ಮಗು ಹೇಳಿದರೆ ಗದರಬೇಡಿ. ‘ಹೌದಪ್ಪಾ, ನಟ್ಟನಡುವೆಯೇ ನಿಂತಿದೆ’ ಎಂದು ಉತ್ತರ ಕೊಡಿ. ಹಸು ಏಳುವ ವೇಳೆಗೆ ಮಗುವಿಗೆ ಮಾತು ಬಂದಿರುತ್ತದೆ. ಆ ಚೌಕದಲ್ಲಿ ಅಷ್ಟು ಸಮಯ ಧಾರಾಳವಾಗಿ ಸಿಗುತ್ತದೆ.